ವೀ ನೋ ದ ಡೆವಿಲ್ ಮುಗಿಸಿದವರು ಬನ್ನಿ: ನಾಲ್ಕನೇ ಎಂಡಿಂಗ್ ಗೆಲುವಾ, ಜಾರಿಕೆಯಾ? (ಪೂರ್ತಿ ಸ್ಪಾಯ್ಲರ್)

ಮೂರನೇಬೆಂಚು
ನಿನ್ನೆ ರಾತ್ರಿ ಕೂತವನು ನಾಲ್ಕೂ ಎಂಡಿಂಗ್ ನೋಡಿಯೇ ಎದ್ದೆ. 2015ರ ಆಟ, ಇಷ್ಟು ತಡವಾಗಿ ಯಾಕೆ ಅಂತ ಕೇಳಬೇಡಿ. ಲೈಬ್ರರಿಯಲ್ಲಿ ಸುಮ್ನೆ ಬಿದ್ದಿತ್ತು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕ್ರಿಶ್ಚಿಯನ್ ಬೇಸಿಗೆ ಶಿಬಿರ. ಅಲ್ಲಿ 'ಕೆಟ್ಟವರು' ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಮೂವರು ಹದಿಹರೆಯದವರು: ನೆಪ್ಚೂನ್, ಜುಪಿಟರ್, ವೀನಸ್. ಕಾಡಿನೊಳಗಿನ ಕ್ಯಾಬಿನ್ನಿನಲ್ಲಿ ಒಂದು ರಾತ್ರಿ ಕಳೆಯಬೇಕು. ಸೈತಾನ ಬರುತ್ತಾನೆ, ಎದುರಿಸಬೇಕು. ಆ ಲೋಕದಲ್ಲಿ ಇದು ಹೆದರಿಸಲು ಹೇಳುವ ಮಾತಲ್ಲ. ನಿಜಕ್ಕೂ ಬರುತ್ತಾನೆ.

ನಾವು ಆ ಮೂವರಲ್ಲಿ ಯಾರೂ ಅಲ್ಲ. ನಮಗಿರುವುದು ಒಂದೇ ಕೆಲಸ, ಈ ಸಲ ಯಾವ ಇಬ್ಬರು ಜೊತೆಗಿರಬೇಕು ಅಂತ ಆರಿಸುವುದು. ಯಾರು ಜಾಸ್ತಿ ಹೊರಗುಳಿಯುತ್ತಾರೋ ಅವರೊಳಗೆ ಸೈತಾನ ಹೊಗುತ್ತಾನೆ, ಉಳಿದಿಬ್ಬರು ಸೇರಿ ಓಡಿಸುತ್ತಾರೆ. ಮೂರು ಎಂಡಿಂಗ್ ಹೀಗೇ. ಜೋಡಿಗಳನ್ನು ಸಮವಾಗಿ ಹಂಚಿದರೆ ನಾಲ್ಕನೆಯದು ಸಿಗುತ್ತದೆ. ಅಲ್ಲಿ ಮೂವರೂ ಸೈತಾನನನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಅದೇ ಅವರ ಬಿಡುಗಡೆ.

ನನ್ನ ತಕರಾರು ಇಲ್ಲಿದೆ. ಮೊದಲ ಮೂರು ಎಂಡಿಂಗ್ ನನ್ನನ್ನು ಅಲ್ಲಾಡಿಸಿಬಿಟ್ಟವು. ನಾಲ್ಕನೆಯದನ್ನು ಎಲ್ಲರೂ 'ನಿಜವಾದ ಎಂಡಿಂಗ್' ಅಂತ ಹೊಗಳುತ್ತಾರೆ. ನನಗದು ತೀರಾ ಸಲೀಸಾಗಿ ಆಗಿಹೋಯಿತು ಅನ್ನಿಸಿತು. ಮೂರು ಸಲ ಯಾರೂ ತಪ್ಪಿಸಿಕೊಳ್ಳಲಾಗದ ಬಲೆ ಅಂತ ತೋರಿಸಿ, ನಾಲ್ಕನೇ ಸಲ ಬಾಗಿಲು ತೆಗೆದೇ ಇತ್ತು ಅಂದರೆ ಹೇಗೆ? ನಿಮಗೇನು ಅನ್ನಿಸಿತು?

ಗೂಬೆಕಣ್ಣು
ತಲೆಬರಹದಲ್ಲೇ ನಾಲ್ಕು ಎಂಡಿಂಗ್ ಇದೆ ಅಂತ ಹೇಳಿಬಿಟ್ಟಿರಲ್ಲ, ಪುಣ್ಯಾತ್ಮರೇ.

ಮೂರನೇಬೆಂಚು
@ಗೂಬೆಕಣ್ಣು ಹತ್ತು ವರ್ಷ ಹಳೆಯ ಆಟ ಸ್ವಾಮಿ. ಪಕ್ಕದಲ್ಲೇ ಸ್ಪಾಯ್ಲರ್ ಅಂತಲೂ ಬರೆದಿದ್ದೇನೆ.

ನಕ್ಷತ್ರಮೀನು
ಸಲೀಸು ಅಂತೀರಾ? ಸಮವಾಗಿ ಹಂಚುವುದು ಎಷ್ಟು ಕಷ್ಟ ಅಂತ ಆಡುವಾಗ ಗೊತ್ತಾಗಲಿಲ್ವಾ? ಮೊದಲ ಸಲ ಆಡುವಾಗ ಪ್ರತಿ ಆಯ್ಕೆಯಲ್ಲೂ ನಮಗೆ ಇಷ್ಟವಾದ ಜೋಡಿಯ ಕಡೆಗೇ ಕೈ ಹೋಗುತ್ತದೆ. ನನಗೆ ನೆಪ್ಚೂನಳ ನಾಲಿಗೆ ಇಷ್ಟ. ಹಾಗಾಗಿ ಎಲ್ಲ ಕಡೆ ಅವಳನ್ನೇ ತುರುಕಿದೆ. ಮನಸ್ಸಿಗೆ ಹತ್ತಿರವಾದವರನ್ನು ಹತ್ತಿರ ಇಟ್ಟುಕೊಳ್ಳುವುದರಲ್ಲಿ ತಪ್ಪೇನು ಅಂತ ಅನ್ನಿಸುತ್ತದೆ, ಅಲ್ವಾ? ಆಟ ಹಿಡಿಯುವುದು ಅಲ್ಲೇ.

ನಾಲ್ಕನೇ ಎಂಡಿಂಗ್ ಯಾರೋ ಕೊಟ್ಟ ವರವಲ್ಲ. ಆಟಗಾರ ತನ್ನ ಚಟ ಬಿಟ್ಟರೆ ಮಾತ್ರ ಸಿಗುವಂಥದ್ದು. ಬಾಗಿಲು ಮೊದಲಿನಿಂದಲೂ ತೆಗೆದೇ ಇತ್ತು ಅಂತ ನೀವು ಬೈಯುತ್ತಿದ್ದೀರಿ. ನನ್ನ ಪ್ರಕಾರ ಹೆದರಬೇಕಾದ ವಿಷಯವೇ ಅದು.

ಲಾಟೀನು_ಬೇಡ
ನಾನು ಉಲ್ಟಾ ಹೇಳುತ್ತೇನೆ. ಇದು ಹಾರರ್ರೇ ಅಲ್ಲ. ಒಂದು ಸಲವೂ ಮೈ ಜುಮ್ ಅನ್ನಲಿಲ್ಲ. ಫೋಟೋದಂಥ ಹಿನ್ನೆಲೆ, ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದಂಥ ಮೂರು ಮುಖ, ಕೆಳಗೆ ಮಾತು, ಮಾತು, ಮಾತು. 2017ರ ಡೋಕಿ ಡೋಕಿ ಲಿಟರೇಚರ್ ಕ್ಲಬ್ ಆಡಿ ನೋಡಿ. ಅಲ್ಲಿ ಆಟವೇ ನಿಮ್ಮ ಮೇಲೆ ತಿರುಗಿ ಬೀಳುತ್ತದೆ. ಫೈಲ್ ಅಳಿಸುತ್ತದೆ, ಸೇವ್ ಕೆಡಿಸುತ್ತದೆ. ಅದು ಹಾರರ್ ಅಂದರೆ. ಇದು ಮೂರು ಜನರ ಮುನಿಸು ಅಷ್ಟೇ.

ರಾತ್ರಿಪಾಳಿ
@ಲಾಟೀನು_ಬೇಡ ಧಡ್ ಅಂತ ಏನಾದರೂ ಎದುರಿಗೆ ಹಾರಿದರಷ್ಟೇ ಹೆದರಿಕೆ ಅಂದರೆ ಮಾತು ಮುಗಿಯಿತು ಗುರು.

ಲಾಟೀನು_ಬೇಡ
ಹಾರುವುದು ಬೇಡ ಮಾರಾಯ. ಏನಾದರೂ ಆಗಲಿ ಅಂತ ಕೇಳುತ್ತಿದ್ದೇನೆ.

ಕಪ್ಪುಹಂಸ
ಆಗುತ್ತದೆ, ಸದ್ದಿಲ್ಲದೆ ಆಗುತ್ತದೆ. ಆಯ್ಕೆಯ ಪರದೆಯನ್ನೇ ಇನ್ನೊಂದು ಸಲ ನೋಡಿ. 'ಯಾರನ್ನು ಹೊರಗಿಡಲಿ?' ಅಂತ ಆಟ ಯಾವತ್ತೂ ಕೇಳುವುದಿಲ್ಲ. ಯಾರ ಜೊತೆ ಯಾರು ಅಂತ ಮಾತ್ರ ಕೇಳುತ್ತದೆ. ನೀವು ಒಳ್ಳೆಯದನ್ನೇ ಆರಿಸುತ್ತೀರಿ. ಇಬ್ಬರು ಹತ್ತಿರವಾಗುತ್ತಾರೆ, ಅವರ ಮಾತು ಚೆನ್ನಾಗಿರುತ್ತದೆ, ನಗು ಬರುತ್ತದೆ. ಮೂರನೆಯವರು ಆ ಹೊತ್ತಿನಲ್ಲಿ ಎಲ್ಲಿದ್ದರು ಅಂತ ನಿಮಗೆ ತೋರಿಸುವುದೂ ಇಲ್ಲ. ಮುಂದಿನ ದೃಶ್ಯದಲ್ಲಿ ವಾಪಸು ಬಂದಾಗ ಮಾತಿಗೆ ಸ್ವಲ್ಪ ಖಾರ ಸೇರಿರುತ್ತದೆ, ಇಲ್ಲವೇ ಸ್ವಲ್ಪ ಜಾಸ್ತಿಯೇ ವಿನಯ. ಅಷ್ಟೇ.

ಕಡೆಗೆ ಆ ವ್ಯಕ್ತಿಯೊಳಗೆ ಸೈತಾನ ಬಂದಾಗ 'ಅಯ್ಯೋ, ಹೀಗಾಗಬಾರದಿತ್ತು' ಅನ್ನುತ್ತೇವೆ. ಮಾಡಿದವರು ನಾವೇ. ಧಾರ್ಮಿಕ ಗುಂಪುಗಳಲ್ಲಿ ಜನರನ್ನು ಹೊರಗೆ ಹಾಕುವುದೂ ಹೀಗೇ ಅಲ್ವಾ? ಯಾರನ್ನೋ ಓಡಿಸುತ್ತಿದ್ದೇವೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ನಮ್ಮವರ ಜೊತೆ ಇದ್ದೇವೆ ಅಂತಷ್ಟೇ ಅಂದುಕೊಳ್ಳುತ್ತಾರೆ.

ನಕ್ಷತ್ರಮೀನು
@ಕಪ್ಪುಹಂಸ ಇದನ್ನು ಪಿನ್ ಮಾಡಿ ಯಾರಾದರೂ.

ಹಳೆಯಸದಸ್ಯೆ
ಸಾಮಾನ್ಯವಾಗಿ ಬರೀ ಓದಿ ಹೋಗುವವಳು ನಾನು. ಇವತ್ತು ಬರೆಯುತ್ತಿದ್ದೇನೆ.

ನಾನು ತುಂಬ ಭಕ್ತಿಯ ಮನೆಯಲ್ಲಿ ಬೆಳೆದವಳು. ಹದಿನೈದರ ಆಸುಪಾಸಿನಲ್ಲಿ ಒಂದು ಯುವ ಪ್ರಾರ್ಥನಾ ಗುಂಪಿಗೆ ಸೇರಿಸಿದರು. ವಾರಕ್ಕೊಮ್ಮೆ ಕುರ್ಚಿಗಳನ್ನು ವೃತ್ತವಾಗಿ ಹಾಕುತ್ತಿದ್ದರು. ಒಬ್ಬೊಬ್ಬರೂ ಆ ವಾರ ಮಾಡಿದ ಪಾಪವನ್ನು ಎಲ್ಲರೆದುರು ಹೇಳಬೇಕು. ನಾಯಕಿಯ ತೊಡೆಯ ಮೇಲೆ ಒಂದು ಉದ್ದ ನೋಟ್‌ಬುಕ್, ಪ್ರತಿಯೊಬ್ಬರ ಹೆಸರಿಗೂ ಒಂದು ಪುಟ. ಅವರು ಬರೆಯುವಾಗ ತಲೆ ಎತ್ತುತ್ತಿರಲಿಲ್ಲ. ಪೆನ್ನು ನಿಂತಿತು ಅಂದರೆ ನಾವು ಹೇಳಿದ್ದು ಸಾಲದು ಅಂತ ಅರ್ಥ. ಇನ್ನೇನಾದರೂ ಹುಡುಕಿ ಹೇಳಬೇಕಿತ್ತು. ನಾವೆಲ್ಲ ಚಿಕ್ಕ ಚಿಕ್ಕ ಪಾಪಗಳನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡು ಬರುತ್ತಿದ್ದೆವು. ಸುಳ್ಳು ಹೇಳಿದೆ, ಅಮ್ಮನಿಗೆ ಎದುರು ಮಾತಾಡಿದೆ, ಇಂಥವು.

ಒಬ್ಬ ಹುಡುಗಿ ನಿಜ ಹೇಳಿಬಿಟ್ಟಳು. ಇನ್ನೊಬ್ಬ ಹುಡುಗಿಯ ಮೇಲೆ ಮನಸ್ಸಾಗಿದೆ ಅಂತ. ಯಾರೂ ಬೈಯಲಿಲ್ಲ. ಅವಳಿಗೋಸ್ಕರ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಮುಂದಿನ ವಾರ ಅವಳ ಎರಡೂ ಪಕ್ಕದ ಕುರ್ಚಿ ಖಾಲಿ. ಹಾಗೆ ಮಾಡಿ ಅಂತ ಯಾರಿಗೂ ಯಾರೂ ಹೇಳಿರಲಿಲ್ಲ. ಎಲ್ಲರೂ ಬಂದು ತಮತಮಗೆ ಬೇಕಾದವರ ಪಕ್ಕ ಕೂತಿದ್ದರು ಅಷ್ಟೇ.

ಹಾಗಾಗಿ @ಲಾಟೀನು_ಬೇಡ ಅವರೇ, ಏನೂ ಆಗುವುದಿಲ್ಲ ಅಂತ ನೀವು ಹೇಳುವ ಜಾಗದಲ್ಲಿ ನಾನು ಆಟ ನಿಲ್ಲಿಸಿ ಎದ್ದು ಹೋಗಿದ್ದೆ.

ಲಾಟೀನು_ಬೇಡ
@ಹಳೆಯಸದಸ್ಯೆ ಅಕ್ಕ, ನಿಮ್ಮ ಅನುಭವಕ್ಕೆ ನಾನು ಎದುರು ಮಾತಾಡುವುದಿಲ್ಲ. ಆದರೂ ಒಂದು ಮಾತು ಕೇಳಲೇಬೇಕು. ಆ ನೆನಪು ತಂದವರು ನೀವು. ಅಂಥ ನೆನಪಿಲ್ಲದವನಿಗೂ ಆಟ ಹೆದರಿಕೆ ಹುಟ್ಟಿಸಬೇಕಲ್ವಾ? ಅದು ಬರೆದವರ ಕೆಲಸ, ಆಡುವವರದ್ದಲ್ಲ.

ಕಪ್ಪುಹಂಸ
ಎಲ್ಲ ಆಟವೂ ಎಲ್ಲರಿಗೂ ಅಂತ ಯಾರು ಹೇಳಿದರು? ನಮ್ಮಂಥ ಕ್ವಿಯರ್ ಮಂದಿಗೆ (ಗೇ, ಲೆಸ್ಬಿಯನ್, ಟ್ರಾನ್ಸ್ ಎಲ್ಲ ಸೇರಿ) ಅಂತಲೇ ಮಾಡಿದ್ದು ಬೆರಳೆಣಿಕೆಯಷ್ಟು. ಅದರಲ್ಲೂ ನಿಮಗೆ ಪಾಲು ಬೇಕಾ?

ಲಾಟೀನು_ಬೇಡ
ನಾನು ಕ್ವಿಯರ್ ಅಲ್ಲ ಅಂತ ನಿಮಗೆ ಯಾರು ಹೇಳಿದರು?

ರಾತ್ರಿಪಾಳಿ
ಹೋ.

ಮಾಡರೇಟರ್_ತಂಗಾಳಿ
ಇಲ್ಲಿ ಯಾರೂ ಯಾರಿಗೂ ತಾನು ಯಾರು ಅಂತ ಸಾಬೀತು ಮಾಡಬೇಕಾಗಿಲ್ಲ. ಆಟದ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಿ.

ಬೆಳಗಿನಗಂಟೆ
ನಾನು ಗೇ. ಈಗಲೂ ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತೇನೆ. ಈ ಥ್ರೆಡ್ಡಿನಲ್ಲಿ ಬಹುಶಃ ನಾನೊಬ್ಬನೇ ಇರಬೇಕು.

ನನಗೆ ಆಟ ಇಷ್ಟವಾಯಿತು, ಸಿಟ್ಟೂ ಬಂತು. ಅಲ್ಲಿರುವುದು ಎರಡೇ ದಾರಿ. ಶಿಬಿರದ ದೇವರ ಜೊತೆ ಇದ್ದು ಸಾಯಿ, ಇಲ್ಲವೇ ಸೈತಾನನ ಜೊತೆ ಹೋಗಿ ಬದುಕು. ಮೂರನೆಯದು ಇಲ್ಲ. ನಿಜದ ಚರಿತ್ರೆಯಲ್ಲಿ ಇದೆ. ಟ್ರಾಯ್ ಪೆರ್ರಿ ಅನ್ನುವ ಪಾದ್ರಿಯನ್ನು ಗೇ ಅಂತ ಸಭೆಯಿಂದ ತೆಗೆದುಹಾಕಿದ್ದರು. ಆತ 1968ರಲ್ಲಿ ಲಾಸ್ ಏಂಜಲೀಸ್‌ನ ತನ್ನ ಮನೆಯಲ್ಲೇ ಆರಾಧನೆ ಶುರು ಮಾಡಿದ. ಅದು ಮೆಟ್ರೋಪಾಲಿಟನ್ ಕಮ್ಯುನಿಟಿ ಚರ್ಚ್ ಆಗಿ ಬೇರೆ ಬೇರೆ ದೇಶಗಳಿಗೂ ಹೋಯಿತು. ಗೇ ಹಕ್ಕುಗಳ ಹೋರಾಟಕ್ಕೆ ಕಿಡಿ ಹಚ್ಚಿದ 1969ರ ನ್ಯೂಯಾರ್ಕಿನ ಸ್ಟೋನ್‌ವಾಲ್ ಗಲಾಟೆಗೂ ಮುಂಚಿನ ಮಾತು ಇದು. ಅಂದರೆ ದೇವರನ್ನು ಬಿಟ್ಟುಕೊಡದೆ ಹೊರಬಂದವರೂ ಇದ್ದಾರೆ. ಆಟಕ್ಕೆ ಅವರು ಕಾಣಿಸುವುದೇ ಇಲ್ಲ.

ನಾಲ್ಕನೇ ಎಂಡಿಂಗ್ ನನಗೆ ಅರ್ಧ ಗೆಲುವು. ಮೂವರೂ ಒಬ್ಬರನ್ನೊಬ್ಬರು ಬಿಡಲಿಲ್ಲ, ಅದು ದೊಡ್ಡದು. ಅದಕ್ಕೆ ಸೈತಾನ ಅನ್ನುವ ಹೆಸರನ್ನೇ ಹೊತ್ತುಕೊಳ್ಳಬೇಕಾಯಿತು. ಅಂದರೆ ಶಿಬಿರದವರು ಕೊಟ್ಟ ಹೆಸರೇ ಕೊನೆಗೂ ಉಳಿಯಿತಲ್ಲ?

ನಕ್ಷತ್ರಮೀನು
@ಬೆಳಗಿನಗಂಟೆ ನೀವು ಹೇಳಿದ್ದು ಸರಿ ಇರಬಹುದು. ಆದರೆ ಆ ಮೂವರು ಹದಿಹರೆಯದವರು, ಒಂದು ರಾತ್ರಿ, ಒಂದು ಕಾಡು. ಹೊಸ ಚರ್ಚ್ ಕಟ್ಟಲು ಅವರಿಗೆ ಪುರುಸೊತ್ತೆಲ್ಲಿ?

ಬೈಯುವ ಹೆಸರನ್ನೇ ಎತ್ತಿಕೊಂಡು ತಲೆ ಮೇಲೆ ಇಟ್ಟುಕೊಳ್ಳುವುದು ಸೋಲು ಅಂತ ನನಗೇನೂ ಅನ್ನಿಸುವುದಿಲ್ಲ.

ಓಲೆಗರಿ
ನನಗೆ ಆಡುತ್ತಾ ಆಡುತ್ತಾ ನೆನಪಾಗಿದ್ದು ಬೈಬಲ್ಲಿನ ಎರಡು ಮೇಕೆಗಳ ಕಥೆ. ಯಾಜಕಕಾಂಡ 16ನೇ ಅಧ್ಯಾಯ. ಪ್ರಾಯಶ್ಚಿತ್ತದ ದಿನ ಎರಡು ಮೇಕೆ ತಂದು ಚೀಟಿ ಹಾಕುತ್ತಾರೆ. ಒಂದು ದೇವರಿಗೆ ಬಲಿ. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಎರಡೂ ಕೈಯಿಟ್ಟು ಜನರೆಲ್ಲರ ಪಾಪವನ್ನು ಅದರ ಮೇಲೆ ಹೇರಿ ಮರುಭೂಮಿಗೆ ಅಟ್ಟಿ ಸಾಯಿಸುತ್ತಾರೆ.

ಆಟದ ನಿಯಮವೂ ಅದೇ. ಊರು ಶುದ್ಧವಾಗಬೇಕಾದರೆ ಒಬ್ಬರ ಮೇಲೆ ಎಲ್ಲವನ್ನೂ ಹೇರಿ ಹೊರಗೆ ಅಟ್ಟಬೇಕು. ಇಲ್ಲಿ ಚೀಟಿ ಎತ್ತುವುದು ನಮ್ಮ ಮೌಸು. ಹಾಗಾಗಿ 'ಸೈತಾನ ಯಾರೊಳಗೆ ಬಂದ' ಅನ್ನುವುದು ದೊಡ್ಡ ಪ್ರಶ್ನೆಯೇ ಅಲ್ಲ. ಯಾರೊಳಗೆ ಬರಬೇಕು ಅಂತ ಮೊದಲೇ ನಿಶ್ಚಯವಾಗಿರುತ್ತದೆ, ಆಮೇಲೆ ಬರುತ್ತಾನೆ.

ಗೂಬೆಕಣ್ಣು
ಚಿಕ್ಕ ತಿದ್ದುಪಡಿ. ಯಾಜಕಕಾಂಡದಲ್ಲಿ ಎರಡನೇ ಮೇಕೆಯನ್ನು ಸಾಯಿಸುವುದಿಲ್ಲ. ಅಜಾಜೇಲನಿಗೆ ಅಂತ ಮರುಭೂಮಿಯಲ್ಲಿ ಬಿಟ್ಟುಬಿಡುತ್ತಾರೆ, ಅಷ್ಟೇ. ಬಂಡೆಯ ತುದಿಯಿಂದ ತಳ್ಳುವ ವಿವರ ಬರುವುದು ಆಮೇಲಿನ ಯಹೂದಿ ಧರ್ಮನಿಯಮಗಳ ಗ್ರಂಥ ಮಿಶ್ನಾದಲ್ಲಿ, ಯೋಮಾ ಅನ್ನುವ ಭಾಗದಲ್ಲಿ.

ಓಲೆಗರಿ
ಮರುಭೂಮಿಯಲ್ಲಿ ಒಂಟಿ ಮೇಕೆ ಬಿಟ್ಟರೆ ಏನಾಗುತ್ತದೆ ಅಂತ ನಿಮ್ಮ ಊಹೆ?

ಗೂಬೆಕಣ್ಣು
ಅದು ಬೇರೆ. ಬದುಕಿದೆ ಅನ್ನುವುದೇ ಇಲ್ಲಿ ಮುಖ್ಯ. ಆಟದಲ್ಲೂ ಹೊರಗಟ್ಟಿದವರನ್ನು ಕೊಲ್ಲಲು ಯಾರೂ ಹೊರಟಿಲ್ಲ. 'ಒಳ್ಳೆಯದಾಗಲಿ' ಅಂತಲೇ ಹೊಡೆಯುತ್ತಾರೆ. ಹೊಡೆಯುವವರು ಶತ್ರುಗಳೂ ಅಲ್ಲ. ಆ ರಾತ್ರಿಯ ಪೂರ್ತಿ ಹೊಡೆಸಿಕೊಳ್ಳುವವರ ಪಕ್ಕದಲ್ಲಿ ಕೂತವರು. ಬಲಿಗಿಂತ ಅದು ಹೊಲಸು ಅನ್ನಿಸುತ್ತದೆ ನನಗೆ.

ಸೇವ್‌ಸ್ಲಾಟ್
ಮೇಕೆ ಥ್ರೆಡ್ಡಿಗೆ ದಾರಿ ತಪ್ಪಿ ಬಂದೆ, ಖುಷಿಯಾಗಿದೆ.

ಗಾಜಿನಮನೆ
ಇನ್ನೂ ಆಡಿಲ್ಲ, ಆಡಬೇಕು ಅಂತ ಇದೆ. ಸ್ಪಾಯ್ಲರ್ ಪರವಾಗಿಲ್ಲ. ನಾನು ಇಂಥ ಒಂದು ಗುಂಪಿನಿಂದ ಹೊರಬಂದು ಜಾಸ್ತಿ ಕಾಲ ಆಗಿಲ್ಲ. ಆಡಬಹುದಾ? ಸುಮ್ನೆ ಹೌದು, ಇಲ್ಲ ಅನ್ನುವುದಕ್ಕಿಂತ ಏನೇನಿದೆ ಅಂತ ಹೇಳಿದರೆ ಒಳ್ಳೆಯದು.

ಹಳೆಯಸದಸ್ಯೆ
@ಗಾಜಿನಮನೆ ರಕ್ತ, ಕಡಿಯುವುದು ಅಂಥದ್ದು ಜಾಸ್ತಿ ಇಲ್ಲ. ಮೈ ಬದಲಾಗುವ ದೃಶ್ಯಗಳಿವೆ, ಅವು ಕಾಡುತ್ತವೆ. ತನ್ನ ಮೇಲೆ ತನಗೇ ಹೇಸಿಗೆ ಪಡುವ ಮಾತುಗಳು ತುಂಬಾ ಇವೆ. ಗೆಳೆಯರೇ ಚುಚ್ಚಿ ಮಾತಾಡುತ್ತಾರೆ. ದೊಡ್ಡವರು ನಗುನಗುತ್ತಾ ಅವಮಾನ ಮಾಡುತ್ತಾರೆ. ವೀನಸ್ ಭಾಗದಲ್ಲಿ ತಾನು ಏನು ಅಂತ ಒಳಗೇ ಅಮುಕಿಟ್ಟುಕೊಳ್ಳುವುದು ಬಹಳ ಬರುತ್ತದೆ.

ಆಟ ಚಿಕ್ಕದು, ಒಂದೇ ಸಲ ಕೂತರೆ ಮುಗಿಯುತ್ತದೆ. ನಿಮಗೆ ಅದು ಒಳ್ಳೆಯದಲ್ಲ. ನಡುವೆ ಬೇಕಂತಲೇ ನಿಲ್ಲಿಸಿ. ಗೊತ್ತಿರುವವರು ಯಾರಾದರೂ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಈಗಲೇ ಆಡಬೇಕು ಅಂತ ಏನಿಲ್ಲ, ಆಟ ಎಲ್ಲಿಗೂ ಓಡಿಹೋಗುವುದಿಲ್ಲ.

ನಕ್ಷತ್ರಮೀನು
ಇದಕ್ಕೆ ಸೇರಿಸುವುದಾದರೆ, ಗೈಡ್ ನೋಡಿಕೊಂಡು ನೇರವಾಗಿ ನಾಲ್ಕನೇ ಎಂಡಿಂಗ್ ಆಡಿದರೂ ಅಡ್ಡಿಯಿಲ್ಲ. ಯಾರೂ ಅಂಕ ಕೊಡುವುದಿಲ್ಲ.

ಮೂರನೇಬೆಂಚು
ಅದನ್ನು ಮಾತ್ರ ಒಪ್ಪುವುದಿಲ್ಲ. ಮೊದಲ ಮೂರನ್ನು ನೋಡದೆ ನಾಲ್ಕನೆಯದಕ್ಕೆ ಏನು ತೂಕ ಉಳಿಯುತ್ತದೆ?

ನಕ್ಷತ್ರಮೀನು
ಅವರು ಮೊದಲ ಮೂರನ್ನು ಮನೆಯಲ್ಲೇ ನೋಡಿ ಬಂದಿದ್ದಾರೆ ಮಹಾರಾಯರೇ.

ಕರಡಿಕುಣಿತ
ಧಾರ್ಮಿಕ ಗುಂಪಿನಲ್ಲಿ ಆದ ಇಂಥ ಮನಸ್ಸಿನ ಗಾಯಕ್ಕೆ ವೈದ್ಯಕೀಯ ಹೆಸರೇ ಇದೆ. ರಿಲಿಜಸ್ ಟ್ರಾಮಾ ಸಿಂಡ್ರೋಮ್. ಅಧಿಕೃತ ಕಾಯಿಲೆ. ಡಾಕ್ಟರ್ ಹತ್ತಿರ ಹೋದರೆ ಬರೆದುಕೊಡುತ್ತಾರೆ.

ಇರುಳುದೀಪ
@ಕರಡಿಕುಣಿತ ಹೆಸರು ಸರಿ, ಉಳಿದದ್ದು ಸರಿ ಇಲ್ಲ. ಆ ಹೆಸರನ್ನು 2011ರಲ್ಲಿ ಮನಃಶಾಸ್ತ್ರಜ್ಞೆ ಮಾರ್ಲೀನ್ ವೈನೆಲ್ ಬಳಕೆಗೆ ತಂದರು. ಅವರೂ ಮೂಲಭೂತವಾದಿ ಕ್ರಿಶ್ಚಿಯನ್ ಕುಟುಂಬದಿಂದ ಹೊರಬಂದವರೇ. ಆದರೆ ಅಮೆರಿಕದ ಮನೋವೈದ್ಯರ ಡಿಎಸ್‌ಎಂ ಪುಸ್ತಕದಲ್ಲಿ ಅದು ರೋಗವಾಗಿ ಸೇರಿಲ್ಲ. ಅಲ್ಲಿ 1994ರಿಂದ 'ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ' ಅಂತ ಒಂದು ವಿಭಾಗ ಇದೆ. ಗಮನ ಕೊಡಬೇಕಾದ ಸಮಸ್ಯೆ ಅಂತಷ್ಟೇ ಅದರ ಅರ್ಥ, ರೋಗ ಅಂತಲ್ಲ.

ನಾನು ಕೌನ್ಸೆಲಿಂಗ್ ಕೆಲಸ ಮಾಡುವವಳು. ಬರುವವರು ಹೇಳುವುದು ಸಾಮಾನ್ಯವಾಗಿ ನಂಬಿಕೆ ಹೋಯಿತು ಅನ್ನುವ ದುಃಖ ಅಲ್ಲ. ನಂಬಿಕೆ ಹೋಗಿದೆ, ಹೆದರಿಕೆ ಹೋಗಿಲ್ಲ ಅಂತಾರೆ. ನರಕ ಇಲ್ಲ ಅಂತ ತಲೆಗೆ ಗೊತ್ತು, ರಾತ್ರಿ ಎರಡು ಗಂಟೆಗೆ ಹೊಟ್ಟೆಗೆ ಗೊತ್ತಿರುವುದಿಲ್ಲ. ಆಟದಲ್ಲಿ ಜುಪಿಟರ್ ನಡೆದುಕೊಳ್ಳುವುದು ನೋಡಿ. ಯಾರೂ ನೋಡದಿದ್ದಾಗಲೂ ಒಳ್ಳೆಯವಳಾಗಿಯೇ ಇರಲು ಒದ್ದಾಡುತ್ತಾಳೆ. ಕಾವಲುಗಾರರನ್ನು ಒಳಗೇ ಇಟ್ಟುಕೊಂಡಿದ್ದಾಳೆ.

ಕರಡಿಕುಣಿತ
ಪುಸ್ತಕದಲ್ಲಿ ಇಲ್ಲ ಅಂದರೆ ಇಲ್ಲ ಅಂತಲ್ಲವಲ್ಲ.

ಇರುಳುದೀಪ
ಇಲ್ಲ ಅಂತ ಹೇಳಿಲ್ಲ. ಪುಸ್ತಕದಲ್ಲಿರುವುದೆಲ್ಲ ಸರಿ ಅಂತಲೂ ಹೇಳಿಲ್ಲ. ಅದೇ ಪುಸ್ತಕ 1973ರವರೆಗೆ ಸಲಿಂಗ ಪ್ರೇಮವನ್ನೇ ರೋಗ ಅಂತ ಬರೆದಿತ್ತು.

ಬೆಳಗಿನಗಂಟೆ
ಅದನ್ನು ತೆಗೆದ ಮೂರೇ ವರ್ಷಕ್ಕೆ, 1976ರಲ್ಲಿ, ಎಕ್ಸೋಡಸ್ ಇಂಟರ್‌ನ್ಯಾಶನಲ್ ಶುರುವಾಯಿತು. ಪ್ರಾರ್ಥನೆಯಿಂದ ನಿಮ್ಮನ್ನು 'ಸರಿ' ಮಾಡುತ್ತೇವೆ ಅಂತ ಹೇಳುವ ಸಂಸ್ಥೆಗಳ ಒಕ್ಕೂಟ ಅದು. 2013ರಲ್ಲಿ ಅದರ ಅಧ್ಯಕ್ಷರೇ ಕ್ಷಮೆ ಕೇಳಿ ಬಾಗಿಲು ಮುಚ್ಚಿದರು. ಆಟ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಆ ಶಿಬಿರ ಬರೀ ಕಲ್ಪನೆ ಅಂತ ಅನ್ನಿಸಿದವರು ಇದನ್ನೂ ನೆನಪಿಟ್ಟುಕೊಳ್ಳಿ.

ದಾಳಬೀಳಲಿ
ಸೈತಾನ ಅಂದ ಕೂಡಲೇ ನನಗೆ 80ರ ದಶಕದ ಅಮೆರಿಕ ನೆನಪಾಗುತ್ತದೆ. ಆಗ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಟೇಬಲ್ ಸುತ್ತ ಕೂತು ಪಾತ್ರ ಕಟ್ಟಿ ಆಡುವ ಆಟ) ಆಡಿದರೆ ಮಕ್ಕಳು ಸೈತಾನನ ಪಾಲಾಗುತ್ತಾರೆ ಅಂತ ದೊಡ್ಡ ಹುಯಿಲು. 1983ರಲ್ಲಿ ಅದರ ವಿರುದ್ಧವೇ ಒಂದು ಸಂಘ ಹುಟ್ಟಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಕೇಸು. ಸೈತಾನ ಪೂಜೆ, ಸುರಂಗ, ಏನೇನೋ ಆರೋಪ. 1990ಕ್ಕೆ ಮುಗಿಯುವಷ್ಟರಲ್ಲಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ.

ಈಗ ಅದೇ ಜಾಗದಿಂದಲೇ ಸೈತಾನನ ಪರ ನಿಂತ ಆಟ ಬಂದಿದೆ, ಅದನ್ನು ನಾವು ಕೂತು ಹೊಗಳುತ್ತಿದ್ದೇವೆ. ಆಗಿನವರು ನೋಡಿದ್ದರೆ 'ನಾವು ಹೇಳಲಿಲ್ವಾ' ಅನ್ನುತ್ತಿದ್ದರು.

ಸೇವ್‌ಸ್ಲಾಟ್
@ದಾಳಬೀಳಲಿ ನಮ್ಮ ಟೇಬಲ್ಲಿನಲ್ಲಿ ಸೈತಾನ ಬಂದಿದ್ದರೆ ಮೊದಲು ನಿಯಮದ ಪುಸ್ತಕ ತಂದಿದ್ದೀಯಾ ಅಂತ ಕೇಳುತ್ತಿದ್ದೆವು.

ರಾತ್ರಿಪಾಳಿ
ತಂದಿದ್ದರೂ ಹಳೆಯ ಆವೃತ್ತಿ ತಂದಿರುತ್ತಿದ್ದ.

ಓಲೆಗರಿ
ಇನ್ನೊಂದು ಅನುಮಾನ ಇದೆ, ಯಾರೂ ಎತ್ತಿಲ್ಲ. ಕ್ವಿಯರ್ ಪಾತ್ರಗಳನ್ನು ಕೊನೆಗೆ ರಾಕ್ಷಸರಾಗಿ ತೋರಿಸುವುದು ಹಳೆಯ ಚಾಳಿ. ಹಾಲಿವುಡ್ಡಿನಲ್ಲಿ 1934ರಿಂದ ಹೇಯ್ಸ್ ಕೋಡ್ (ಸಿನಿಮಾದಲ್ಲಿ ಏನು ತೋರಿಸಬಹುದು ಅನ್ನುವ ನಿಯಮಾವಳಿ) ಬಿಗಿಯಾಗಿ ಜಾರಿಯಾಯಿತು, 1968ರವರೆಗೂ ಇತ್ತು. ಸಲಿಂಗ ಪ್ರೇಮವನ್ನು ನೇರವಾಗಿ ತೋರಿಸುವಂತಿಲ್ಲ. ಹಾಗಾಗಿ ಸೂಚನೆಯಲ್ಲಿ, ಬಹಳ ಸಲ ಖಳನಾಯಕರ ಮೈಮೇಲೆ ಹಾಕಿ ತೋರಿಸಿದರು. ನಡೆ, ದನಿ, ಬಟ್ಟೆ ನೋಡಿದರೆ ಗೊತ್ತಾಗಬೇಕು, ಸಿನಿಮಾ ಮುಗಿಯುವ ಮುಂಚೆ ಸಾಯಬೇಕು. ಈ ಆಟವೂ ಅದೇ ಚಿತ್ರವನ್ನು ಕೊಡುತ್ತಿಲ್ವಾ? ಮೂವರೂ ಕೊನೆಗೆ ಮನುಷ್ಯರಾಗಿ ಉಳಿಯುವುದಿಲ್ಲ.

ಕಪ್ಪುಹಂಸ
ವ್ಯತ್ಯಾಸ ಯಾರ ಕಣ್ಣಿಂದ ನೋಡುತ್ತೇವೆ ಅನ್ನುವುದರಲ್ಲಿದೆ. ಹಳೆಯ ಸಿನಿಮಾದಲ್ಲಿ ರಾಕ್ಷಸನನ್ನು ನೋಡುವವರು ಊರಿನವರು. ಇಲ್ಲಿ ಊರಿನವರೇ ಇಲ್ಲ, ಮೂವರೇ ಇದ್ದಾರೆ. ನಾಲ್ಕನೇ ಎಂಡಿಂಗಿನಲ್ಲಿ ಬದಲಾದ ಮೈಯನ್ನು ನೋಡಿ ಉಳಿದಿಬ್ಬರು 'ಎಷ್ಟು ಚೆನ್ನಾಗಿದ್ದೀಯ' ಅನ್ನುವ ಹಾಗೆ ನೋಡುತ್ತಾರೆ. ಅದೇ ಮೈಯನ್ನು ಮೊದಲ ಮೂರು ಎಂಡಿಂಗಿನಲ್ಲಿ ನೋಡಿ ಹೆದರಿದವರು ನಾವು. ಚಿತ್ರ ಬದಲಾಗಲಿಲ್ಲ, ನೋಡುವವರು ಬದಲಾದರು.

ಮಿಣುಕುಹುಳು
ನಾನು ಟ್ರಾನ್ಸ್ ಹೆಣ್ಣು. ಈ ಥ್ರೆಡ್ಡಿನಲ್ಲಿ ವೀನಸ್ ಬಗ್ಗೆ ಇಷ್ಟು ಕಮ್ಮಿ ಮಾತು ಬಂದಿದ್ದಕ್ಕೆ ಬೇಜಾರಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಆಟದ ಶುರುವಿನಲ್ಲಿ ಎಲ್ಲರೂ ವೀನಸ್ಸನ್ನು ಹುಡುಗ ಅಂತಲೇ ನಡೆಸಿಕೊಳ್ಳುತ್ತಾರೆ. ನಾಚಿಕೆ, ಎಲ್ಲದಕ್ಕೂ ಸಾರಿ ಕೇಳುವುದು, ಎಲ್ಲಿಯೂ ಜಾಗ ಹಿಡಿಯದೆ ನಿಲ್ಲುವುದು. ಬಹಳ ಜನ ಇದನ್ನು 'ಪಾಪ, ಸಾಧು ಹುಡುಗ' ಅಂತ ಓದಿ ಮುಂದೆ ಹೋಗುತ್ತಾರೆ. ನನಗೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಆ ಸಾರಿಗಳೆಲ್ಲ ನಾನು ಕೇಳಿದ ಸಾರಿಗಳೇ. ಇನ್ನೊಬ್ಬರ ಮನೆಯಲ್ಲಿ ಅತಿಥಿಯಾಗಿ ಬಂದವರ ಹಾಗೆ ತನ್ನ ಮೈಯಲ್ಲೇ ಇರುವುದು, ಏನೂ ಮುಟ್ಟದೆ, ಏನೂ ಕೇಳದೆ.

ವೀನಸ್ ಒಂಟಿಯಾಗುವ ಎಂಡಿಂಗಿನಲ್ಲಿ ಉಳಿದಿಬ್ಬರು ಸೈತಾನನನ್ನು ಓಡಿಸುತ್ತಾರಲ್ಲ, ಅಲ್ಲಿ ಓಡಿಸಿದ್ದು ಏನನ್ನು ಅಂತ ಯೋಚಿಸಿ. ಅವಳು ಮೊದಲ ಸಲ ತಾನಾಗಿ ಕಂಡ ಗಳಿಗೆ ಅದು. ಅದನ್ನೇ ಹೊಡೆದು ವಾಪಸು 'ಹುಡುಗ'ನನ್ನು ಉಳಿಸಿಕೊಂಡೆವು ಅಂದುಕೊಳ್ಳುತ್ತಾರೆ, ಪ್ರೀತಿಯಿಂದಲೇ. ಹಾಗಾಗಿ @ಮೂರನೇಬೆಂಚು, ನಾಲ್ಕನೇ ಎಂಡಿಂಗ್ ಸಲೀಸಾಯಿತು ಅಂತ ನೀವು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಕಥೆಗಳಲ್ಲಿ ಕೊರಗಿ ಸಾಯುವುದು ಬೇಕಾದಷ್ಟಿದೆ. ಒಂದು ಕಡೆ ಸಲೀಸಾಗಲಿ ಬಿಡಿ.

ಹಳೆಯಸದಸ್ಯೆ
❤️

ಮೂರನೇಬೆಂಚು
@ಮಿಣುಕುಹುಳು ನೀವು ಬರೆದದ್ದನ್ನು ನಿಧಾನವಾಗಿ ಓದಿದೆ. ವೀನಸ್ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ಆದರೂ ನನ್ನ ಕೊಸರು ಪೂರ್ತಿ ಹೋಗಿಲ್ಲ. ನೆಪ್ಚೂನ್ ಮತ್ತು ಜುಪಿಟರ್ ನಡುವಿನ ಜಗಳ ನಾಲ್ಕನೆಯದರಲ್ಲಿ ಬಗೆಹರಿಯಿತಾ, ಇಲ್ಲ ಸುಮ್ನೆ ಕರಗಿಹೋಯಿತಾ? ಅವರಿಬ್ಬರೂ ಒಬ್ಬರಿಗೊಬ್ಬರು ಹೇಳಿದ ಕೆಟ್ಟ ಮಾತುಗಳು ಎಲ್ಲಿ ಹೋದವು? ಹೊರಗಿನ ದೇವರು ಹೋದರೂ ಒಳಗಿನ ನಂಜು ಅಷ್ಟು ಬೇಗ ಇಳಿಯುತ್ತದಾ? ಆಟ ಅಲ್ಲಿ ಇನ್ನೊಂದು ದೃಶ್ಯ ನಿಲ್ಲಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಮಿಣುಕುಹುಳು
ಇದು ಬೇರೆ ತಕರಾರು, ಇದನ್ನು ಒಪ್ಪುತ್ತೇನೆ. ನೆಪ್ಚೂನಳಿಗೆ ಇನ್ನೊಂದು ದೃಶ್ಯ ಬೇಕಿತ್ತು. ನನ್ನ ಜೊತೆ ಜಗಳಕ್ಕೆ ಬರುವವರು ಇದನ್ನೇ ಹಿಡಿದು ಬನ್ನಿ.

ಲಾಟೀನು_ಬೇಡ
ನಾನು ಇನ್ನೂ ಹೆದರಿಲ್ಲ, ದಾಖಲೆಗೆ ಇರಲಿ. ಆದರೆ ವೀನಸ್ ಭಾಗ ಮತ್ತೊಂದು ಸಲ ಆಡುತ್ತೇನೆ.

ಬಣ್ಣದಪೆಟ್ಟಿಗೆ
ವಿಷಯ ಬೇರೆ, ಕ್ಷಮಿಸಿ. ಇದನ್ನೆಲ್ಲ ಓದಿ ನನಗೂ ಇಂಥದ್ದೊಂದು ಚಿಕ್ಕ ಆಟ ಕನ್ನಡದಲ್ಲೇ ಬರೆಯಬೇಕು ಅನ್ನಿಸಿದೆ. ಕೋಡಿಂಗ್ ಬರುವುದಿಲ್ಲ. ರೆನ್‌ಪೈ ಸಾಕಾ? ಕನ್ನಡ ಅಕ್ಷರ ಸರಿಯಾಗಿ ಬರುತ್ತದಾ? ಹಿಂದೆ ಒಮ್ಮೆ ನೋಡಿದಾಗ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ.

ಗೂಬೆಕಣ್ಣು
ಸಾಕು. ರೆನ್‌ಪೈ 2004ರಿಂದ ಇದೆ, ಪುಕ್ಕಟೆ, ವಿಷುವಲ್ ನಾವೆಲ್ಲಿಗೆ, ಅಂದರೆ ಚಿತ್ರ, ಮಾತು, ಆಯ್ಕೆಗಳಲ್ಲೇ ಸಾಗುವ ಇಂಥ ಕಥೆಯಾಟಕ್ಕೆ, ಅಂತಲೇ ಮಾಡಿದ್ದು. ಮೇಲೆ ಯಾರೋ ಹೇಳಿದ ಡೋಕಿ ಡೋಕಿಯೂ ಅದರಲ್ಲೇ ಮಾಡಿದ್ದು. ಒತ್ತಕ್ಷರದ ಗೋಳು ಹಳೆಯ ಆವೃತ್ತಿಗಳದ್ದು. 8.1ರಿಂದ ಹಾರ್ಫ್‌ಬಝ್ ಸೇರಿಸಿದ್ದಾರೆ. ನಮ್ಮಂಥ ಲಿಪಿಗಳ ಅಕ್ಷರ ಜೋಡಣೆಯನ್ನು ಅದು ನೋಡಿಕೊಳ್ಳುತ್ತದೆ. ಕನ್ನಡ ಇರುವ ಫಾಂಟನ್ನು ಮಾತ್ರ ನೀವೇ ಪ್ರಾಜೆಕ್ಟಿಗೆ ಸೇರಿಸಬೇಕು, ಅದರ ಜೊತೆ ಬರುವ ಫಾಂಟಿನಲ್ಲಿ ಚೌಕ ಚೌಕ ಕಾಣುತ್ತದೆ.

ರಾತ್ರಿಪಾಳಿ
ಮೌಸ್ ಚಕ್ರ ಹಿಂದಕ್ಕೆ ತಿರುಗಿಸಿದರೆ ಆಯ್ಕೆಯೂ ಹಿಂದಕ್ಕೆ ಹೋಗುತ್ತದೆ, ಅದನ್ನು ಗಮನದಲ್ಲಿಟ್ಟುಕೊಳ್ಳಿ. ಇಂಥ ಕಥೆಗೆ ಅದು ದೊಡ್ಡ ವಿಷಯ. ಆಟಗಾರ ತಪ್ಪು ಆರಿಸಿ, ಎಂಡಿಂಗ್ ನೋಡಿ, ಚಕ್ರ ತಿರುಗಿಸಿ 'ನಾನೇನೂ ಮಾಡಿಲ್ಲ' ಅಂತ ಆಗಬಹುದು. ಬೇಕಾದರೆ ಆ ಜಾಗದಲ್ಲಿ ಮಾತ್ರ ರೋಲ್‌ಬ್ಯಾಕ್ ತಡೆಯಬಹುದು.

ಕಪ್ಪುಹಂಸ
ತಡೆಯಲೇಬೇಡಿ. ಹಿಂದೆ ಹೋಗಲಿ, ಇನ್ನೊಬ್ಬರನ್ನು ಹೊರಗೆ ಹಾಕಲಿ. ಆಗ ಗೊತ್ತಾಗುತ್ತದೆ.

ಬಣ್ಣದಪೆಟ್ಟಿಗೆ
ಇಬ್ಬರೂ ಹೇಳಿದ್ದನ್ನು ಬರೆದಿಟ್ಟುಕೊಂಡೆ. ಎರಡೂ ಒಟ್ಟಿಗೆ ಮಾಡಲಾಗದು, ಆದರೂ.

ಗಾಜಿನಮನೆ
ಡೌನ್‌ಲೋಡ್ ಹಾಕಿದ್ದೇನೆ. ಶನಿವಾರ ಗೆಳತಿ ಬರುತ್ತಾಳೆ, ಅವಳ ಜೊತೆ ಆಡುತ್ತೇನೆ. ನೇರ ನಾಲ್ಕನೇ ಎಂಡಿಂಗಾ, ಇಲ್ಲ ಮೊದಲಿನಿಂದಲಾ ಅಂತ ಅವಳೇ ಹೇಳಲಿ. @ಹಳೆಯಸದಸ್ಯೆ ಥ್ಯಾಂಕ್ಸ್ ಅಕ್ಕ.

ಸೇವ್‌ಸ್ಲಾಟ್
ಇದೇ ತಂಡದವರು 2018ರಲ್ಲಿ ಹೆವನ್ ವಿಲ್ ಬಿ ಮೈನ್ ಮಾಡಿದ್ದಾರೆ. ಬಾಹ್ಯಾಕಾಶ, ದೈತ್ಯ ಯಂತ್ರಗಳು, ಪೈಲಟ್ ಹುಡುಗಿಯರು. ಅದನ್ನು ಆಡಿದವರು ಯಾರಾದರೂ ಇದ್ದೀರಾ? ನನಗೆ ಅರ್ಧಕ್ಕರ್ಧ ತಲೆಬುಡ ತಿಳಿಯಲಿಲ್ಲ.

ನಕ್ಷತ್ರಮೀನು
ಆಡಿದ್ದೇನೆ. ಅದಕ್ಕೆ ಬೇರೆ ಥ್ರೆಡ್ ತೆಗೆಯಿರಿ, ಇಲ್ಲಿ ಶುರು ಮಾಡಿದರೆ ಮೂರನೇಬೆಂಚು ಅವರು ಅದರ ಎಂಡಿಂಗಿಗೂ ತಕರಾರು ಹಾಕುತ್ತಾರೆ.

ಮೂರನೇಬೆಂಚು
ಖಂಡಿತ ಹಾಕುತ್ತೇನೆ. ಲಿಂಕ್ ಇಲ್ಲಿ ಕೊಡಿ.